ಮೊಬೈಲ್ ಆ್ಯಪ್‌ನೊಳಗೆ ಹೋಗಿ ಬರುವ ದಾರಿ: ಪರದೆಗಳ ಸಂಚಾರ ಮತ್ತು ಟ್ಯಾಬ್ ಬಾರ್ ನಿರ್ವಹಣೆ

ರೈಲಿನ ಟಿಕೆಟ್ ಕಾಯ್ದಿರಿಸಲು ಮೊಬೈಲ್ ಆ್ಯಪ್ ತೆರೆದ ಪ್ರಯಾಣಿಕರೊಬ್ಬರು ಮನೆಯ ನಾಲ್ವರ ಹೆಸರು, ವಯಸ್ಸು, ಬರ್ತ್‌ನ ಆದ್ಯತೆಗಳನ್ನೆಲ್ಲ ತುಂಬಿ ಮುಗಿಸಿದ್ದಾರೆ ಎಂದುಕೊಳ್ಳೋಣ. ಹಣ ಪಾವತಿಸುವ ಮುನ್ನ ಹಳೆಯ ಟಿಕೆಟ್ ಒಂದರ ದಿನಾಂಕ ನೋಡಲೆಂದು ಪರದೆಯ ಕೆಳಗಿನ ಇನ್ನೊಂದು ಚಿಹ್ನೆಯನ್ನು ಒತ್ತುತ್ತಾರೆ. ಮರಳಿ ಬಂದು ನೋಡಿದರೆ ತುಂಬಿದ್ದೆಲ್ಲ ಮಾಯ. ಮತ್ತೆ ಮೊದಲಿನಿಂದ ಆರಂಭ. ಇಂಥ ಸಂದರ್ಭದಲ್ಲಿ ಬಳಕೆದಾರರು ಹೆಚ್ಚಾಗಿ ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಆದರೆ ತಪ್ಪು ಅವರದಲ್ಲ. ಅವರು ಎಲ್ಲಿದ್ದರು, ಏನು ಮಾಡುತ್ತಿದ್ದರು ಎಂಬುದನ್ನು ಆ್ಯಪ್ ನೆನಪಿಟ್ಟುಕೊಂಡಿಲ್ಲ.

ಒಂದು ಪರದೆಯಿಂದ ಇನ್ನೊಂದಕ್ಕೆ ಹೋಗುವ, ಹೋದಲ್ಲಿಂದ ಹಿಂದಿರುಗುವ ವ್ಯವಸ್ಥೆಗೆ ತಂತ್ರಜ್ಞರ ಭಾಷೆಯಲ್ಲಿ ನ್ಯಾವಿಗೇಷನ್ ಎಂದು ಹೆಸರು. ಪರದೆಯ ತಳಭಾಗದಲ್ಲಿ ಸಾಲಾಗಿ ಕಾಣುವ ಚಿಹ್ನೆಗಳ ಪಟ್ಟಿಯೇ ಟ್ಯಾಬ್ ಬಾರ್. ಇವೆರಡೂ ಕೂಡಿ ಕೆಲಸ ಮಾಡಿದರೆ ಬಳಕೆದಾರರಿಗೆ ಅವುಗಳ ಇರವೇ ಗೊತ್ತಾಗುವುದಿಲ್ಲ. ಕೂಡಿ ಬಾರದಿದ್ದರೆ ಎಷ್ಟೇ ಅಂದವಾದ ಆ್ಯಪ್ ಆದರೂ ಗೊಂದಲದ ಗೂಡಾಗುತ್ತದೆ.

ಆಳ ಮತ್ತು ಅಗಲ

ಆ್ಯಪ್‌ನೊಳಗಿನ ಸಂಚಾರ ಮುಖ್ಯವಾಗಿ ಎರಡು ಬಗೆಯದು. ಮೊದಲನೆಯದು ಆಳಕ್ಕೆ ಇಳಿಯುವುದು. ಸುದ್ದಿಗಳ ಪಟ್ಟಿಯಿಂದ ಒಂದು ಸುದ್ದಿಗೆ, ಸುದ್ದಿಯಿಂದ ಅದರ ಚಿತ್ರಕ್ಕೆ ಹೋಗುವುದು ಈ ಬಗೆ. ಇದನ್ನು ನಿರ್ವಹಿಸುವ ರಚನೆಗೆ ಸ್ಟ್ಯಾಕ್ ಎನ್ನುತ್ತಾರೆ. ಮದುವೆ ಮನೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ತಟ್ಟೆಗಳನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹೊಸ ಪರದೆ ಬಂದಾಗ ಅದು ಎಲ್ಲಕ್ಕಿಂತ ಮೇಲೆ ಕೂರುತ್ತದೆ, ಇದು ಪುಶ್. ಹಿಂದಕ್ಕೆ ಹೋಗುವ ಗುಂಡಿ ಒತ್ತಿದಾಗ ಮೇಲಿನದು ತೆಗೆಯಲ್ಪಟ್ಟು ಕೆಳಗಿನದು ಕಾಣಿಸುತ್ತದೆ, ಇದು ಪಾಪ್. ಕೊನೆಗೆ ಇಟ್ಟ ತಟ್ಟೆಯೇ ಮೊದಲು ಹೊರಬರುತ್ತದೆ.

ಎರಡನೆಯದು ಅಗಲಕ್ಕೆ ಸರಿಯುವುದು. ಮುಖಪುಟ, ಹುಡುಕಾಟ, ಖಾತೆ ಮೊದಲಾದ ವಿಭಾಗಗಳು ಒಂದರ ಕೆಳಗೊಂದು ಇರುವಂಥವಲ್ಲ. ಅಕ್ಕಪಕ್ಕದ ಕೋಣೆಗಳಂತೆ ಸರಿಸಮಾನ. ಇವುಗಳ ನಡುವೆ ಓಡಾಡಲು ಇರುವುದು ಟ್ಯಾಬ್ ಬಾರ್. ಈ ಎರಡು ಬಗೆಗಳನ್ನು ಬೆರೆಸಿಬಿಟ್ಟರೆ, ಅಂದರೆ ಟ್ಯಾಬ್ ಒತ್ತಿದಾಗಲೂ ಹೊಸ ಪರದೆಯನ್ನು ಅದೇ ತಟ್ಟೆಗಳ ಸಾಲಿಗೆ ಪೇರಿಸಿದರೆ, ಬಳಕೆದಾರರು ಹೊರಬರಲು ಹತ್ತು ಬಾರಿ ಹಿಂದಕ್ಕೆ ಒತ್ತಬೇಕಾದೀತು. ಹೊಸದಾಗಿ ಆ್ಯಪ್ ರಚಿಸುವವರು ಮಾಡುವ ಸಾಮಾನ್ಯ ತಪ್ಪುಗಳಲ್ಲಿ ಇದೊಂದು.

ಹಿನ್ನೆಲೆ

2007ರಲ್ಲಿ ಆಪಲ್ ಸಂಸ್ಥೆಯ ಮೊದಲ ಐಫೋನ್ ಮಾರುಕಟ್ಟೆಗೆ ಬಂದಾಗ ಅದರ ದೂರವಾಣಿ ಆ್ಯಪ್‌ನ ತಳದಲ್ಲೇ ಐದು ಚಿಹ್ನೆಗಳ ಪಟ್ಟಿಯಿತ್ತು: ಮೆಚ್ಚಿನ ಸಂಖ್ಯೆಗಳು, ಇತ್ತೀಚಿನ ಕರೆಗಳು, ಸಂಪರ್ಕಗಳು, ಕೀಪ್ಯಾಡ್ ಮತ್ತು ಧ್ವನಿಸಂದೇಶ. 2008ರಲ್ಲಿ ಹೊರಗಿನ ತಂತ್ರಜ್ಞರಿಗೂ ಆ್ಯಪ್ ರಚಿಸುವ ಅವಕಾಶ ದೊರೆತಾಗ, ಆಳದ ಸಂಚಾರಕ್ಕೆ ನ್ಯಾವಿಗೇಷನ್ ಕಂಟ್ರೋಲರ್, ಅಗಲದ ಸಂಚಾರಕ್ಕೆ ಟ್ಯಾಬ್ ಬಾರ್ ಕಂಟ್ರೋಲರ್ ಎಂಬ ಸಿದ್ಧ ಘಟಕಗಳು ಅವರ ಕೈಸೇರಿದವು. ಟ್ಯಾಬ್ ಬಾರ್ ಹೊರಗಿನ ಚೌಕಟ್ಟು. ಅದರ ಪ್ರತಿ ಟ್ಯಾಬ್‌ನೊಳಗೆ ಪ್ರತ್ಯೇಕ ನ್ಯಾವಿಗೇಷನ್ ಕಂಟ್ರೋಲರ್. ಈ ಜೋಡಣೆಯೇ ಇಂದಿಗೂ ಐಫೋನ್ ಆ್ಯಪ್‌ಗಳ ಅಡಿಪಾಯ.

ಅದೇ 2008ರ ಅಕ್ಟೋಬರ್‌ನಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನ್ ಬೇರೆ ಹಾದಿ ಹಿಡಿಯಿತು. ಅದರ ಮೈಮೇಲೇ ಹಿಂದಕ್ಕೆ ಹೋಗುವ ಗುಂಡಿಯಿತ್ತು. 2011ರಲ್ಲಿ ಈ ಗುಂಡಿ ಪರದೆಯೊಳಕ್ಕೆ ಸೇರಿತು. 2019ರ ಆಂಡ್ರಾಯ್ಡ್ 10ರಲ್ಲಿ ಪರದೆಯ ಅಂಚಿನಿಂದ ಬೆರಳು ಸರಿಸಿದರೆ ಹಿಂದಕ್ಕೆ ಹೋಗುವ ವ್ಯವಸ್ಥೆ ಬಂತು. ಐಫೋನ್‌ನಲ್ಲಿ ಎಡ ಅಂಚಿನಿಂದ ಬೆರಳು ಸರಿಸಿ ಹಿಂದಿರುಗುವ ಅನುಕೂಲ 2013ರ ಐಒಎಸ್ 7ರಿಂದಲೇ ಇದೆ.

ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ಬಹುಕಾಲ ಮೂರು ಅಡ್ಡಗೆರೆಗಳ ಹ್ಯಾಂಬರ್ಗರ್ ಚಿಹ್ನೆಯ ಹಿಂದೆ ಅಡಗಿರುತ್ತಿದ್ದ ಪಟ್ಟಿಯದೇ ದರ್ಬಾರು. ಈ ಚಿಹ್ನೆಯನ್ನು ಝೆರಾಕ್ಸ್ ಸಂಸ್ಥೆಯ 1981ರ ಸ್ಟಾರ್ ಗಣಕಕ್ಕಾಗಿ ನಾರ್ಮ್ ಕಾಕ್ಸ್ ಎಂಬ ವಿನ್ಯಾಸಕಾರರು ರೂಪಿಸಿದ್ದರು. ಎಷ್ಟೇ ವಿಭಾಗಗಳನ್ನೂ ತುಂಬಬಹುದಾದ ಈ ಪಟ್ಟಿಗೆ ಒಂದು ದೊಡ್ಡ ಕೊರತೆಯಿತ್ತು: ಕಣ್ಣಿಗೆ ಬೀಳದ್ದು ನೆನಪಿಗೂ ಬರುವುದಿಲ್ಲ. 2013ರಲ್ಲಿ ಫೇಸ್‌ಬುಕ್ ತನ್ನ ಐಫೋನ್ ಆ್ಯಪ್‌ನಲ್ಲಿ ಅದನ್ನು ಬದಿಗಿರಿಸಿ ಟ್ಯಾಬ್ ಬಾರ್ ತಂದಿತು. 2016ರಲ್ಲಿ ಗೂಗಲ್ ಕೂಡ ತನ್ನ ಮೆಟೀರಿಯಲ್ ಡಿಸೈನ್ ಸೂತ್ರಗಳಲ್ಲಿ ತಳದ ಪಟ್ಟಿಗೆ ಸ್ಥಾನ ಕೊಟ್ಟಿತು.

ಎಷ್ಟು ಟ್ಯಾಬ್, ಎಷ್ಟು ಅಗಲ?

ತಳದ ಪಟ್ಟಿಯಲ್ಲಿ ಮೂರರಿಂದ ಐದು ಟ್ಯಾಬ್‌ಗಳಿರಬೇಕೆಂಬುದು ಗೂಗಲ್‌ನ ಸೂತ್ರ. ಐಫೋನ್‌ನಲ್ಲಿ ಐದಕ್ಕಿಂತ ಹೆಚ್ಚು ಸೇರಿಸಿದರೆ ಮೊದಲ ನಾಲ್ಕು ಉಳಿದು, ಮಿಕ್ಕವೆಲ್ಲ ‘ಇನ್ನಷ್ಟು’ ಎಂಬ ಐದನೆಯ ಟ್ಯಾಬ್‌ನೊಳಗೆ ಸೇರಿಕೊಳ್ಳುತ್ತವೆ. ಅಲ್ಲಿಗೆ ತಳ್ಳಲ್ಪಟ್ಟ ವಿಭಾಗವನ್ನು ಹುಡುಕಿಕೊಂಡು ಹೋಗುವವರು ಕಡಿಮೆ.

ಬೆರಳಿನ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಒತ್ತುವ ಜಾಗದ ಉದ್ದಗಲ ಕನಿಷ್ಠ 44 ಪಾಯಿಂಟ್ ಇರಲೆಂದು ಆಪಲ್, 48 ಡಿಪಿ ಇರಲೆಂದು ಗೂಗಲ್ ಹೇಳುತ್ತವೆ. ಪಾಯಿಂಟ್, ಡಿಪಿ ಎಂದರೆ ಪರದೆಯ ಸಾಂದ್ರತೆ ಬದಲಾದರೂ ಕಣ್ಣಿಗೆ ಸರಿಸುಮಾರು ಒಂದೇ ಗಾತ್ರವಾಗಿ ಕಾಣುವ ಅಳತೆಗಳು. ಜನ ಫೋನ್ ಹಿಡಿಯುವ ಬಗೆಯನ್ನು ಸ್ಟೀವನ್ ಹೂಬರ್ ಎಂಬ ವಿನ್ಯಾಸ ತಜ್ಞರು ಸಾರ್ವಜನಿಕ ಸ್ಥಳಗಳಲ್ಲಿ ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1,333 ನಿದರ್ಶನಗಳಲ್ಲಿ ಪರದೆಯನ್ನೋ ಗುಂಡಿಯನ್ನೋ ಮುಟ್ಟಿ ಬಳಸುತ್ತಿದ್ದವರ ಪೈಕಿ ಶೇ. 49ರಷ್ಟು ಮಂದಿ ಒಂದೇ ಕೈಯಲ್ಲಿ ಫೋನ್ ಬಳಸುತ್ತಿದ್ದುದು ಕಂಡುಬಂದಿತ್ತು. ಬಸ್ಸಿನ ಕಂಬಿ ಹಿಡಿದು ನಿಂತವರ ಹೆಬ್ಬೆರಳಿಗೆ ಪರದೆಯ ಮೇಲ್ತುದಿಗಿಂತ ತಳವೇ ಹತ್ತಿರ. ಟ್ಯಾಬ್ ಬಾರ್ ಅಲ್ಲಿ ನೆಲೆನಿಂತಿರುವುದಕ್ಕೆ ಇದು ಬಲವಾದ ಕಾರಣ.

ಟ್ಯಾಬ್ ಇರುವುದು ಜಾಗ ತೋರಿಸುವುದಕ್ಕೆ, ಕೆಲಸ ಮಾಡಿಸುವುದಕ್ಕಲ್ಲ ಎಂಬುದು ಇನ್ನೊಂದು ನಿಯಮ. ‘ಅಳಿಸು’, ‘ಕಳುಹಿಸು’ ಮೊದಲಾದ ಕ್ರಿಯೆಗಳನ್ನು ಈ ಸಾಲಿನಲ್ಲಿ ಕೂರಿಸಬಾರದು. ಆಯ್ಕೆಯಾದ ಟ್ಯಾಬ್ ಯಾವುದೆಂದು ಬಣ್ಣವೊಂದರಿಂದಲೇ ತೋರಿಸುವುದೂ ಸಲ್ಲದು. ಬಣ್ಣ ಗುರುತಿಸಲಾಗದವರಿಗೆ ಅದು ಕಾಣದು. ದೃಷ್ಟಿಹೀನರಿಗಾಗಿ ಪರದೆಯನ್ನು ಓದಿ ಹೇಳುವ ವಾಯ್ಸ್‌ಓವರ್, ಟಾಕ್‌ಬ್ಯಾಕ್ ಸೌಲಭ್ಯಗಳಿಗೆ ಪ್ರತಿ ಟ್ಯಾಬ್‌ನ ಹೆಸರು ದೊರೆಯುವಂತಿರಬೇಕು.

ನೆನಪಿನ ಪ್ರಶ್ನೆ

ಲೇಖನದ ಆರಂಭದ ಪ್ರಯಾಣಿಕರಿಗೆ ಒದಗಿದ ತೊಂದರೆಯ ಮೂಲ ಇಲ್ಲಿದೆ. ಪ್ರತಿ ಟ್ಯಾಬ್‌ಗೂ ಅದರದೇ ಆದ ಸ್ಟ್ಯಾಕ್ ಇರಬೇಕು, ಮತ್ತು ಬೇರೆ ಟ್ಯಾಬ್‌ಗೆ ಹೋದಾಗಲೂ ಅದು ಹಾಗೆಯೇ ಉಳಿಯಬೇಕು. ಐಫೋನ್‌ನ ಸಿದ್ಧ ಘಟಕಗಳಲ್ಲಿ ಇದು ಮೊದಲಿನಿಂದಲೂ ಇದ್ದ ಗುಣ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಒದಗಿಸುವ ಜೆಟ್‌ಪ್ಯಾಕ್ ನ್ಯಾವಿಗೇಷನ್ ಎಂಬ ಘಟಕಕ್ಕೆ ಹೀಗೆ ಹಲವು ಸ್ಟ್ಯಾಕ್‌ಗಳನ್ನು ಉಳಿಸಿಕೊಳ್ಳುವ ಶಕ್ತಿ ಬಂದದ್ದು 2022ರ 2.4 ಆವೃತ್ತಿಯಲ್ಲಿ. ಅಲ್ಲಿಯವರೆಗೆ ತಂತ್ರಜ್ಞರು ತಮ್ಮ ತಮ್ಮ ಉಪಾಯಗಳನ್ನೇ ನೆಚ್ಚಿಕೊಳ್ಳಬೇಕಿತ್ತು.

ಫ್ಲಟರ್‌ನಲ್ಲಿ ಇಂಡೆಕ್ಸ್ಡ್‌ಸ್ಟ್ಯಾಕ್ ಎಂಬ ಘಟಕ ಎಲ್ಲ ಟ್ಯಾಬ್‌ಗಳನ್ನೂ ಒಮ್ಮೆಗೇ ಜೀವಂತವಾಗಿಟ್ಟು, ಬೇಕಾದ ಒಂದನ್ನು ಮಾತ್ರ ತೋರಿಸುತ್ತದೆ. ರಿಯಾಕ್ಟ್ ನೇಟಿವ್ ಬಳಸುವವರ ರಿಯಾಕ್ಟ್ ನ್ಯಾವಿಗೇಷನ್ ಗ್ರಂಥಾಲಯ ಟ್ಯಾಬ್‌ನ ಪರದೆಯನ್ನು ಮೊದಲ ಭೇಟಿಯಲ್ಲಿ ರಚಿಸಿ, ಅನಂತರ ಉಳಿಸಿಕೊಳ್ಳುತ್ತದೆ. ಮೊದಲ ವಿಧಾನದಲ್ಲಿ ಆ್ಯಪ್ ತೆರೆಯುವಾಗಲೇ ಹೊರೆ ಬೀಳುತ್ತದೆ. ಎರಡನೆಯದರಲ್ಲಿ ಪ್ರತಿ ಟ್ಯಾಬ್‌ನ ಮೊದಲ ಭೇಟಿ ತುಸು ತಡವಾಗಬಹುದು.

ಆದರೆ ಪರದೆಯನ್ನು ಜೀವಂತವಾಗಿ ಇಟ್ಟುಕೊಂಡರಷ್ಟೇ ಸಾಲದು. ಬಳಕೆದಾರರು ನಡುವೆ ಬಂದ ಕರೆಗೆ ಉತ್ತರಿಸಲು ಹೋದಾಗ, ಸ್ಮೃತಿಯ ಕೊರತೆ ಕಂಡರೆ ಕಾರ್ಯಾಚರಣ ವ್ಯವಸ್ಥೆ ಹಿನ್ನೆಲೆಯ ಆ್ಯಪ್ ಅನ್ನು ಸದ್ದಿಲ್ಲದೆ ಮುಚ್ಚಿಬಿಡುತ್ತದೆ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಇದು ಹೆಚ್ಚು. ಆದ್ದರಿಂದ ಯಾವ ಟ್ಯಾಬ್ ತೆರೆದಿತ್ತು, ಯಾವ ಸುದ್ದಿಯ ಕ್ರಮಸಂಖ್ಯೆ ಕಾಣುತ್ತಿತ್ತು ಎಂಬ ಪುಟ್ಟ ಗುರುತುಗಳನ್ನು ವ್ಯವಸ್ಥೆಗೆ ಒಪ್ಪಿಸಬೇಕು. ಅರ್ಧ ತುಂಬಿದ ಅರ್ಜಿಯಂಥ ದೊಡ್ಡ ವಿವರಗಳನ್ನು ಫೋನ್‌ನ ದತ್ತಸಂಚಯದಲ್ಲಿ ಬರೆದಿಡಬೇಕು.

ಹಿಂದಕ್ಕೆ ಎಂದರೆ ಎಲ್ಲಿಗೆ?

ಹಿಂದಕ್ಕೆ ಹೋಗುವ ಗುಂಡಿ ಸರಳವೆಂದು ತೋರುತ್ತದೆ. ಆದರೆ ಅತಿ ಹೆಚ್ಚು ಎಚ್ಚರ ಬೇಡುವುದು ಅದೇ. ಹಣ ಪಾವತಿ ಮುಗಿದು ‘ಯಶಸ್ವಿ’ ಎಂಬ ಪರದೆ ಬಂದ ಮೇಲೆ ಹಿಂದಕ್ಕೆ ಒತ್ತಿದರೆ ಮತ್ತೆ ಪಾವತಿಯ ಪರದೆ ಕಾಣಬಾರದು. ಕಂಡರೆ, ಮೊದಲ ಬಾರಿ ಹಣ ಹೋಗಿಲ್ಲವೆಂದು ತಿಳಿದು ಎರಡನೆಯ ಬಾರಿ ಕಟ್ಟುವವರಿದ್ದಾರೆ. ಪಾವತಿ ಪೂರ್ಣಗೊಂಡೊಡನೆ ಆ ಪರದೆಗಳನ್ನು ಸ್ಟ್ಯಾಕ್‌ನಿಂದ ತೆಗೆದುಹಾಕುವುದು ಇದಕ್ಕೆ ಪರಿಹಾರ. ಲಾಗಿನ್ ಪರದೆಗೂ ಇದೇ ನಿಯಮ ಅನ್ವಯ. ಲಾಗ್‌ಔಟ್ ಆದ ಮೇಲೆ ಹಿಂದಕ್ಕೆ ಒತ್ತಿ ಖಾತೆಯ ವಿವರ ನೋಡುವಂತಿದ್ದರೆ ಅದು ಸುರಕ್ಷತೆಯ ಲೋಪ.

ಅಧಿಸೂಚನೆಯೊಂದನ್ನು ಒತ್ತಿ ನೇರವಾಗಿ ಒಳಗಿನ ಪರದೆಗೆ ಬಂದವರು ಹಿಂದಕ್ಕೆ ಒತ್ತಿದಾಗ ಏನಾಗಬೇಕು? ಅವರು ಮುಖಪುಟದಿಂದ ನಡೆದು ಬಂದಿದ್ದರೆ ಯಾವ ಪರದೆಗಳು ಕೆಳಗಿರುತ್ತಿದ್ದವೋ ಅವನ್ನೇ ಕಲ್ಪಿಸಿ ಜೋಡಿಸಿಕೊಡಬೇಕೆಂಬುದು ಆಂಡ್ರಾಯ್ಡ್‌ನ ಸೂತ್ರ. ಇನ್ನು, ನಿಧಾನದ ಫೋನ್‌ನಲ್ಲಿ ಅವಸರದಿಂದ ಎರಡು ಬಾರಿ ಒತ್ತಿದಾಗ ಒಂದೇ ಪರದೆ ಎರಡು ಸಲ ಪೇರಿಕೊಳ್ಳದಂತೆಯೂ ನೋಡಿಕೊಳ್ಳಬೇಕು. ಈಗಾಗಲೇ ತೆರೆದಿರುವ ಟ್ಯಾಬ್ ಅನ್ನೇ ಮತ್ತೆ ಒತ್ತಿದರೆ ಆ ವಿಭಾಗದ ಮೊದಲ ಪರದೆಗೆ ಮರಳುವುದು ಐಫೋನ್‌ನಲ್ಲಿ ರೂಢಿ.

ಬದಲಾಗುತ್ತಿರುವ ಸಾಧನಗಳು

ಹಳೆಯ ಕ್ರಮದಲ್ಲಿ ತಂತ್ರಜ್ಞರು ಪರದೆಗೆ ‘ಹೋಗು’, ‘ಬಾ’ ಎಂದು ಆಜ್ಞೆ ಕೊಡುತ್ತಿದ್ದರು. ಹೊಸ ಕ್ರಮದಲ್ಲಿ ದಾರಿಯೇ ಒಂದು ಪಟ್ಟಿ. ಪಟ್ಟಿಗೆ ಹೆಸರು ಸೇರಿಸಿದರೆ ಪರದೆ ಬರುತ್ತದೆ, ತೆಗೆದರೆ ಹೋಗುತ್ತದೆ. 2022ರಲ್ಲಿ ಐಒಎಸ್ 16ರೊಂದಿಗೆ ಬಂದ ನ್ಯಾವಿಗೇಷನ್‌ಸ್ಟ್ಯಾಕ್ ಹಾಗೂ 2025ರಲ್ಲಿ ಗೂಗಲ್ ಪ್ರಕಟಿಸಿದ ನ್ಯಾವಿಗೇಷನ್ 3 ಎರಡೂ ಈ ಹಾದಿಯವು. ಪಟ್ಟಿಯಾದ್ದರಿಂದ ಅದನ್ನು ಉಳಿಸಿಡುವುದು, ಮತ್ತೆ ಕಟ್ಟುವುದು, ಪರೀಕ್ಷಿಸುವುದು ಸುಲಭ.

ರೂಪವೂ ಬದಲಾಗಿದೆ. 2024ರ ಐಪ್ಯಾಡ್‌ಒಎಸ್ 18ರಲ್ಲಿ ಟ್ಯಾಬ್ ಬಾರ್ ಪರದೆಯ ಮೇಲ್ಭಾಗಕ್ಕೆ ಸರಿಯಿತು. 2025ರ ಐಒಎಸ್ 26ರಲ್ಲಿ ಅದು ವಿಷಯದ ಮೇಲೆ ತೇಲುವ ಗಾಜಿನ ಪಟ್ಟಿಯಂತಾಗಿ, ಓದುಗರು ಕೆಳಕ್ಕೆ ಸರಿದಂತೆ ಕಿರಿದಾಗುವ ಆಯ್ಕೆಯನ್ನೂ ಪಡೆಯಿತು. ಸಿದ್ಧ ಘಟಕಗಳನ್ನು ಬಳಸಿದ ಆ್ಯಪ್‌ಗಳು ಇಂಥ ಬದಲಾವಣೆಗೆ ಹೆಚ್ಚಿನ ಶ್ರಮವಿಲ್ಲದೆ ಹೊಂದಿಕೊಳ್ಳುತ್ತವೆ. ಎಲ್ಲವನ್ನೂ ಸ್ವಂತವಾಗಿ ಬರೆದುಕೊಂಡವರು ಪ್ರತಿ ಬಾರಿಯೂ ಮತ್ತೆ ದುಡಿಯಬೇಕು.

ಕನ್ನಡದ ಟ್ಯಾಬ್‌ಗಳು

ಕನ್ನಡದಲ್ಲಿ ಆ್ಯಪ್ ರೂಪಿಸುವವರಿಗೆ ಇನ್ನೆರಡು ತೊಡಕುಗಳಿವೆ. 360 ಡಿಪಿ ಅಗಲದ ಪರದೆಯಲ್ಲಿ ಐದು ಟ್ಯಾಬ್‌ಗಳಿದ್ದರೆ ಪ್ರತಿಯೊಂದಕ್ಕೂ ಸಿಗುವುದು 72 ಡಿಪಿ. ‘ಅಧಿಸೂಚನೆಗಳು’ ಎಂಬ ಪದ ಆ ಜಾಗದಲ್ಲಿ ತುಂಡಾಗುವ ಸಂಭವವಿದೆ. ‘ಸೂಚನೆ’ ಸಲೀಸಾಗಿ ಕೂರುತ್ತದೆ. ಎರಡನೆಯದು ಒತ್ತಕ್ಷರ. ಇಂಗ್ಲಿಷ್ ಅಕ್ಷರಗಳ ಎತ್ತರಕ್ಕೆ ತಕ್ಕಂತೆ ಪಟ್ಟಿಯ ಎತ್ತರವನ್ನು ಬಿಗಿಯಾಗಿ ನಿಗದಿಪಡಿಸಿದರೆ ‘ಸುದ್ದಿ’ಯ ಒತ್ತು ಕತ್ತರಿಸಿಹೋದೀತು. ಹಿರಿಯರು ಅಕ್ಷರದ ಗಾತ್ರವನ್ನು ದೊಡ್ಡದಾಗಿಸಿಕೊಂಡಾಗ ಈ ತೊಂದರೆ ಇಮ್ಮಡಿ. ಆದಕಾರಣ ಪದಗಳನ್ನು ಇಂಗ್ಲಿಷಿನಿಂದ ಅನುವಾದಿಸಿ ಕೊನೆಗೆ ತುರುಕುವ ಬದಲು, ಟ್ಯಾಬ್‌ಗಳನ್ನು ನಿರ್ಧರಿಸುವಾಗಲೇ ಕನ್ನಡದ ಹೆಸರುಗಳನ್ನು ಬರೆದು ಅಳೆಯುವುದು ಲೇಸು.

ಬಿಡುಗಡೆಗೆ ಮುನ್ನ

ಆ್ಯಪ್ ಅನ್ನು ಜನರ ಕೈಗೊಪ್ಪಿಸುವ ಮುನ್ನ ಕೆಲವು ಸರಳ ಪರೀಕ್ಷೆಗಳನ್ನು ಮಾಡಬಹುದು. ಒಂದು ಅರ್ಜಿಯನ್ನು ಅರ್ಧ ತುಂಬಿ ಬೇರೆ ಟ್ಯಾಬ್‌ಗೆ ಹೋಗಿ ಮರಳಬೇಕು. ಫೋನ್ ಅನ್ನು ಅಡ್ಡಲಾಗಿ ತಿರುಗಿಸಬೇಕು. ಆಂಡ್ರಾಯ್ಡ್‌ನ ಡೆವಲಪರ್ ಆಯ್ಕೆಗಳಲ್ಲಿ, ಬಿಟ್ಟುಹೋದ ಪರದೆಯನ್ನು ಕೂಡಲೇ ಅಳಿಸುವ ಸೌಲಭ್ಯವನ್ನು ಚಾಲೂ ಮಾಡಿ ನೋಡಬೇಕು. ಪಾವತಿಯ ನಂತರ, ಲಾಗ್‌ಔಟ್‌ನ ನಂತರ ಹಿಂದಕ್ಕೆ ಒತ್ತಬೇಕು. ಅಕ್ಷರಗಳನ್ನು ಅತಿ ದೊಡ್ಡದಾಗಿಸಿ ಟ್ಯಾಬ್‌ಗಳ ಹೆಸರುಗಳನ್ನು ಓದಬೇಕು. ಇವಿಷ್ಟಕ್ಕೂ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯನ್ನು ತಯಾರಕರು ವ್ಯಯಿಸದಿದ್ದರೆ, ಟಿಕೆಟ್ ಕಾಯ್ದಿರಿಸುವ ಅವಸರದಲ್ಲಿ ನಾಲ್ವರ ಹೆಸರನ್ನು ಮತ್ತೊಮ್ಮೆ ತುಂಬುವ ಪ್ರಯಾಣಿಕರು ಅದರ ಬೆಲೆ ತೆರಬೇಕಾಗುತ್ತದೆ.