ತೊಟ್ಟಿಮನೆ ಮತ್ತು ಹೊಸ ಅಂಕಣ: ನಂಜನಗೂಡು–ತಿರುಮಕೂಡಲು ನರಸೀಪುರ ಪ್ರದೇಶದ ವಸತಿ ವಾಸ್ತುವಿನಲ್ಲಿ ವಿಸ್ತರಣೆಯ ಸ್ವರೂಪ

ಕರ್ನಾಟಕದ ವಾಸ್ತುಶಿಲ್ಪವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ದೇವಾಲಯ, ಕೋಟೆ ಹಾಗೂ ಅರಮನೆಗಳನ್ನು ಕೇಂದ್ರವಾಗಿಟ್ಟುಕೊಂಡು ಬೆಳೆದಿವೆ. ಜನಸಾಮಾನ್ಯರು ತಲೆಮಾರುಗಳ ಕಾಲ ಬಾಳಿದ ಮನೆಗಳು ಈ ಅಧ್ಯಯನಗಳಲ್ಲಿ ಪ್ರಾಸಂಗಿಕವಾಗಿ ಮಾತ್ರ ಬರುತ್ತವೆ. ದೇವಾಲಯದ ಕಲ್ಲು ಶತಮಾನಗಳನ್ನು ದಾಟಿ ನಿಲ್ಲುತ್ತದೆ. ಮಣ್ಣು ಮತ್ತು ಮರದ ಮನೆ ವಾಸಿಸುವವರ ಅಗತ್ಯಕ್ಕೆ ತಕ್ಕಂತೆ ಬದಲಾಗುತ್ತ ಹೋಗುತ್ತದೆ. ಈ ಬದಲಾವಣೆಯೇ ಮನೆಯ ಇತಿಹಾಸ. ಕಪಿಲಾ ತೀರದ ನಂಜನಗೂಡು ಹಾಗೂ ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರಗಳ ಪರಿಸರದಲ್ಲಿ ಹಳೆಯ ಮನೆಗೆ ಹೊಸ ಭಾಗವನ್ನು ಸೇರಿಸುವ ಕ್ರಮವು ಹೇಗೆ ಸಾಗಿಬಂದಿತು, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಏಕೆ ಕವಲೊಡೆಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಈ ಪ್ರದೇಶದಲ್ಲಿ ಮಾನವ ವಸತಿಯ ಪ್ರಾಚೀನತೆ ನವಶಿಲಾಯುಗದವರೆಗೆ ಹೋಗುತ್ತದೆ. ನರಸೀಪುರದ ಸಂಗಮದ ಬಳಿ ೧೯೫೯ರಿಂದ ನಡೆದ ಉತ್ಖನನಗಳ ವರದಿಯನ್ನು ಎಂ. ಶೇಷಾದ್ರಿಯವರು ೧೯೭೧ರಲ್ಲಿ ಪ್ರಕಟಿಸಿದರು. ಬಿ. ಎಲ್. ರೈಸ್ ಅವರು ೧೮೯೪ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಈ ಎರಡೂ ತಾಲ್ಲೂಕುಗಳ ಶಾಸನಗಳು ಸೇರಿವೆ. ಹೀಗೆ ಊರುಗಳ ಇತಿಹಾಸಕ್ಕೆ ಆಕರಗಳು ಹೇರಳವಾಗಿದ್ದರೂ ಮನೆಗಳ ಇತಿಹಾಸಕ್ಕೆ ಮನೆಯೇ ಮುಖ್ಯ ದಾಖಲೆಯೆಂಬುದನ್ನು ಮರೆಯುವಂತಿಲ್ಲ.

ಸಾರ್ವಜನಿಕ ಕಟ್ಟಡಗಳು ನೀಡುವ ನಿದರ್ಶನ

ಹಳೆಯದಕ್ಕೆ ಹೊಸದನ್ನು ಕೂಡಿಸುವುದು ಈ ನೆಲಕ್ಕೆ ಅಪರಿಚಿತವಾದ ವಿಚಾರವಲ್ಲ. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯವೇ ಇದಕ್ಕೆ ಮೊದಲ ಸಾಕ್ಷಿ. ಗಂಗರ ಕಾಲದ್ದೆಂದು ಹೇಳಲಾಗುವ ಚಿಕ್ಕ ಗರ್ಭಗೃಹದ ಸುತ್ತ ಚೋಳ, ಹೊಯ್ಸಳ, ವಿಜಯನಗರ ಹಾಗೂ ಮೈಸೂರು ಅರಸರ ಕಾಲದ ಭಾಗಗಳು ಒಂದರ ನಂತರ ಒಂದು ಸೇರಿಕೊಂಡಿವೆ. ಕಳಲೆಯ ನಂಜರಾಜಯ್ಯ, ದಿವಾನ್ ಪೂರ್ಣಯ್ಯ ಹಾಗೂ ಮುಮ್ಮಡಿ ಕೃಷ್ಣರಾಜ ಒಡೆಯರ ಸೇವೆಗಳಿಂದ ದೇವಾಲಯವು ಇಂದಿನ ವಿಸ್ತಾರವನ್ನು ಪಡೆಯಿತು. ಏಳು ನೆಲೆಗಳ ಮಹಾಗೋಪುರವನ್ನು ೧೮೪೫ರಲ್ಲಿ ರಾಣಿ ದೇವಾಜಮ್ಮಣ್ಣಿಯವರು ಕಟ್ಟಿಸಿದರು. ಗೆಜೆಟಿಯರು ನೀಡುವ ಅಳತೆಯಂತೆ ೩೮೫ ಅಡಿ ಉದ್ದ, ೧೬೦ ಅಡಿ ಅಗಲವಿರುವ ಈ ದೇವಾಲಯದಲ್ಲಿ ೧೪೭ ಕಂಬಗಳಿವೆ. ಇಷ್ಟೆಲ್ಲ ಬೆಳೆದರೂ ಗರ್ಭಗೃಹದ ಕಟ್ಟಡವನ್ನು ಯಾರೂ ಕೆಡವಲಿಲ್ಲ. ಪ್ರತಿಯೊಂದು ಕಾಲವೂ ತನ್ನ ಭಾಗವನ್ನು ಹೊರಗಿನಿಂದ ಸೇರಿಸಿತು. ಹಿಂದಿನವರ ಕೆಲಸವನ್ನು ಒಳಗೆ ಉಳಿಸಿಕೊಂಡಿತು.

ಎರಡನೆಯ ನಿದರ್ಶನ ಕಪಿಲೆಯ ಮೇಲಿನ ಸೇತುವೆ. ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, ೧೭೩೫ರಲ್ಲಿ ಕಟ್ಟಲಾಯಿತೆನ್ನುವ ಈ ಕಲ್ಲಿನ ಸೇತುವೆ ಗಾಡಿ ಮತ್ತು ಪಾದಚಾರಿಗಳಿಗೆಂದು ನಿರ್ಮಾಣವಾದುದು. ೧೮೯೧ರಲ್ಲಿ ಮೈಸೂರು–ನಂಜನಗೂಡು ರೈಲುಮಾರ್ಗ ಬಂದಾಗ ಅದೇ ಸೇತುವೆ ರೈಲನ್ನೂ ಹೊತ್ತಿತು. ಮುಂದೆ ಬ್ರಾಡ್‌ಗೇಜ್ ಪರಿವರ್ತನೆಯ ಸಂದರ್ಭದಲ್ಲಿ ಹೊಸ ಭಾರವನ್ನು ಹಳೆಯ ಕಮಾನುಗಳ ಮೇಲೆ ಹೇರದೆ ಪ್ರತ್ಯೇಕ ಸೇತುವೆಯನ್ನು ನಿರ್ಮಿಸಲಾಯಿತು. ಹಳೆಯದು ತನ್ನ ಶಕ್ತಿಗೆ ಮೀರಿದ ಹೊರೆಯಿಂದ ಬಿಡುಗಡೆ ಪಡೆದು ಪಾರಂಪರಿಕ ರಚನೆಯಾಗಿ ಉಳಿಯಿತು.

ಮೂರನೆಯದು ವಾಸದ ಮನೆಗೆ ಇನ್ನೂ ಹತ್ತಿರದ್ದು. ಮೈಸೂರಿನ ಜಗನ್ಮೋಹನ ಅರಮನೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ೧೮೬೧ರಲ್ಲಿ ದೇಶೀಯ ಶೈಲಿಯಲ್ಲಿ ಕಟ್ಟಿಸಿದರು. ೧೮೯೭ರಲ್ಲಿ ಕೋಟೆಯೊಳಗಿನ ಮರದ ಅರಮನೆ ಬೆಂಕಿಗೆ ಆಹುತಿಯಾದ ನಂತರ ರಾಜಮನೆತನದ ಸಮಾರಂಭಗಳು ಇಲ್ಲಿಗೆ ಬಂದವು. ೧೯೦೦ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ವಿವಾಹದ ಸಂದರ್ಭಕ್ಕಾಗಿ ಮುಂಭಾಗದಲ್ಲಿ ಹೊಸ ಸಭಾಂಗಣ ಸೇರಿತು. ಇಂದು ಬೀದಿಯಿಂದ ನೋಡುವವರಿಗೆ ಕಾಣುವುದು ಈ ವಿಸ್ತರಣೆಯೇ. ಮೂಲ ಕಟ್ಟಡ ಹಿಂಭಾಗದಲ್ಲಿ ಉಳಿದಿದೆಯಾದರೂ ಅದರ ಮುಖ ಮರೆಯಾಗಿದೆ. ಸೇರಿಸುವವರು ಎಷ್ಟೇ ಸಮರ್ಥರಾಗಿದ್ದರೂ ಸೇರಿಸುವ ಸ್ಥಳದ ಆಯ್ಕೆ ಮೂಲದ ಗುರುತನ್ನೇ ಬದಲಿಸಬಲ್ಲದು ಎಂಬುದಕ್ಕೆ ಇದು ಉದಾಹರಣೆ.

ಅಂಕಣವೆಂಬ ಅಳತೆ

ಮೈಸೂರು ಸೀಮೆಯ ತೊಟ್ಟಿಮನೆಯ ರಚನೆ ಸುಪರಿಚಿತವಾದುದು. ಬೀದಿಗೆ ತೆರೆದ ಜಗಲಿ, ಅದರ ಒಳಗೆ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ತೊಟ್ಟಿಯ ಸುತ್ತ ಕಂಬಗಳ ಕೈಸಾಲೆ, ನಡುಮನೆ, ದೇವರಮನೆ, ಅಡುಗೆಮನೆ, ಕೊನೆಯಲ್ಲಿ ಹಿತ್ತಿಲು, ಬಾವಿ, ಕೊಟ್ಟಿಗೆ. ದಪ್ಪವಾದ ಮಣ್ಣಿನ ಗೋಡೆ, ಮರದ ಕಂಬ, ಬೋದಿಗೆ, ತೊಲೆ, ಜಂತೆ, ಮೇಲೆ ನಾಡಹೆಂಚಿನ ಮಾಡು. ಮನೆಯ ಬೆಳಕು, ಗಾಳಿ ಎರಡೂ ತೊಟ್ಟಿಯ ಮೂಲಕವೇ ಒಳಬರುತ್ತಿದ್ದವು. ನಾಲ್ಕೂ ಮಾಡುಗಳ ಮಳೆನೀರು ತೊಟ್ಟಿಗೆ ಬಿದ್ದು ಕಲ್ಲಿನ ತೂಬಿನ ಮೂಲಕ ಹೊರಹೋಗುತ್ತಿತ್ತು.

ಇಲ್ಲಿ ವಿಶೇಷವಾಗಿ ಗಮನಿಸಬೇಕಾದುದು ಅಂಕಣವೆಂಬ ಪರಿಕಲ್ಪನೆ. ಎರಡು ಕಂಬಗಳ ನಡುವಣ ಅಂತರವೇ ಅಂಕಣ. ಮೂರಂಕಣದ ಮನೆ, ಐದಂಕಣದ ಮನೆ, ಏಳಂಕಣದ ಮನೆ ಎಂದು ಮನೆಯ ಗಾತ್ರವನ್ನು ಜನ ಹೇಳುತ್ತಿದ್ದುದು ಇದರಿಂದಲೇ. ತೊಲೆಯಾಗಿ ದೊರೆಯುವ ಮರದ ಉದ್ದ ಅಂಕಣದ ಅಗಲವನ್ನು ನಿರ್ಧರಿಸುತ್ತಿತ್ತು. ಮನೆ ಬೆಳೆಯಬೇಕಾದಾಗ ಒಂದೋ ಸಾಲಿಗೆ ಹೊಸ ಅಂಕಣ ಸೇರುತ್ತಿತ್ತು, ಇಲ್ಲವೇ ಹೊರಗೋಡೆಗೆ ಒಪ್ಪಾರ ಇಳಿಸಲಾಗುತ್ತಿತ್ತು, ಅನುಕೂಲಸ್ಥರಾದರೆ ಹಿಂದೆ ಮತ್ತೊಂದು ತೊಟ್ಟಿಯನ್ನು ಕಟ್ಟುತ್ತಿದ್ದರು. ಆದ್ದರಿಂದ ತೊಟ್ಟಿಮನೆಯನ್ನು ಮುಗಿದುಹೋದ ರಚನೆಯೆಂದು ಭಾವಿಸುವುದು ಸರಿಯಲ್ಲ. ಅದು ತನ್ನದೇ ಅಳತೆಯಲ್ಲಿ ಬೆಳೆಯಬಲ್ಲ ವ್ಯವಸ್ಥೆ. ಹಳೆಯ ಕಾಲದ ವಿಸ್ತರಣೆಯಲ್ಲಿ ಹೊಸ ಭಾಗವೂ ಹಳೆಯದೂ ಒಂದೇ ಸಾಮಗ್ರಿ, ಒಂದೇ ಅಳತೆ, ಒಂದೇ ಕುಶಲಕರ್ಮಿ ಪರಂಪರೆಗೆ ಸೇರಿದ್ದವು.

ಬೆಳವಣಿಗೆಗೆ ಒಂದು ಹೊರಮಿತಿಯೂ ಇತ್ತು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ರಥಗಳು ದೇವಾಲಯದ ಸುತ್ತಣ ಬೀದಿಗಳಲ್ಲಿ ಸಾಗುತ್ತವೆ. ರಥ ತಿರುಗಲು ಬೇಕಾದ ಅಗಲವನ್ನು ಬಿಟ್ಟುಕೊಡಬೇಕಾದ ರಥಬೀದಿಯಲ್ಲಿ ಮನೆ ಮುಂದಕ್ಕೆ ಬರುವಂತಿಲ್ಲ. ಬೆಳೆದರೆ ಹಿತ್ತಿಲ ಕಡೆಗೇ ಬೆಳೆಯಬೇಕು. ಬೀದಿಯ ಮುಖ ಊರಿಗೆ ಸೇರಿದ್ದು, ಹಿತ್ತಿಲು ಮನೆಯವರಿಗೆ ಸೇರಿದ್ದು ಎಂಬ ಅಲಿಖಿತ ತಿಳಿವಳಿಕೆಯನ್ನು ಇಲ್ಲಿ ಗುರುತಿಸಬಹುದು.

ಬದಲಾವಣೆಯ ಕಾರಣಗಳು

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಸಾಮಗ್ರಿಗಳು ಬದಲಾದವು. ಬಾಸೆಲ್ ಮಿಶನ್ ೧೮೬೫ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹುಟ್ಟಿದ ಮಂಗಳೂರು ಹೆಂಚು ಕ್ರಮೇಣ ನಾಡಹೆಂಚಿನ ಸ್ಥಾನಕ್ಕೆ ಬಂದಿತು. ಆದರೂ ಗಾರೆಯ ಬಳಕೆ ಬಹುಕಾಲ ಮುಂದುವರಿಯಿತು. ೧೯೧೧ರಲ್ಲಿ ಆರಂಭವಾಗಿ ೧೯೩೨ರಲ್ಲಿ ಮುಗಿದ ಕೃಷ್ಣರಾಜಸಾಗರದಂತಹ ಬೃಹತ್ ಅಣೆಕಟ್ಟು ಕೂಡ ಸುರ್ಕಿ ಗಾರೆಯಲ್ಲಿ ನಿರ್ಮಾಣವಾದುದನ್ನು ಇಲ್ಲಿ ನೆನೆಯಬಹುದು. ಸಾಮಗ್ರಿಯ ಬದಲಾವಣೆಯೊಂದೇ ತೊಟ್ಟಿಮನೆಯನ್ನು ಕದಲಿಸಲಿಲ್ಲ.

ನಿಜವಾದ ಒತ್ತಡ ಬಂದುದು ಕುಟುಂಬ ಮತ್ತು ಭೂಮಿಯ ಕಡೆಯಿಂದ. ಮೈಸೂರು ಸಂಸ್ಥಾನದ ೧೯೩೩ರ ಹಿಂದೂ ಕಾನೂನು ಮಹಿಳಾ ಹಕ್ಕುಗಳ ಕಾಯಿದೆ, ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ, ಹೆಣ್ಣುಮಕ್ಕಳನ್ನು ಸಹದಾಯಾದರನ್ನಾಗಿಸಿದ ಕರ್ನಾಟಕದ ೧೯೯೪ರ ಹಾಗೂ ಕೇಂದ್ರದ ೨೦೦೫ರ ತಿದ್ದುಪಡಿಗಳು ಆಸ್ತಿಯ ಹಂಚಿಕೆಯನ್ನು ನ್ಯಾಯಸಮ್ಮತಗೊಳಿಸಿದವು. ಆದರೆ ಹೊಲವನ್ನು ಹಂಚಿದಂತೆ ತೊಟ್ಟಿಯನ್ನು ಹಂಚಲಾಗದು. ತೊಟ್ಟಿಯ ನಡುವೆ ಗೋಡೆ ಎದ್ದರೆ ಎರಡು ಭಾಗಗಳೂ ಬೆಳಕನ್ನು ಕಳೆದುಕೊಳ್ಳುತ್ತವೆ. ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಯ ಜಮೀನುಗಳು ಸರ್ಕಾರಕ್ಕೆ ಸೇರಿ ಉಳುವವರ ಹಕ್ಕು ಊರ್ಜಿತವಾಯಿತು. ಗೇಣಿಯ ಭತ್ತವನ್ನು ಅವಲಂಬಿಸಿದ್ದ ದೊಡ್ಡ ಮನೆಗಳಲ್ಲಿ ಕಣಜಗಳು ಬರಿದಾದವು. ವರ್ಷವರ್ಷವೂ ಹೆಂಚು ಹೊದಿಸುವ, ಗೋಡೆ ಸಾರಿಸುವ ಕೆಲಸಕ್ಕೆ ಹಣವೂ ಆಳೂ ದೊರೆಯದಾದವು. ಸಾಮಾಜಿಕವಾಗಿ ಇದು ಅಗತ್ಯವಾಗಿದ್ದ ಬದಲಾವಣೆ. ತೊಟ್ಟಿಮನೆಯ ವೈಭವ ಯಾರ ದುಡಿಮೆಯ ಮೇಲೆ ನಿಂತಿತ್ತು ಎಂಬುದನ್ನು ಬದಿಗಿಟ್ಟು ಅದರ ಅವನತಿಗೆ ಮರುಗುವುದು ಇತಿಹಾಸಕಾರನಿಗೆ ಸಲ್ಲದು.

ಇದರೊಂದಿಗೆ ಶೌಚಾಲಯ, ನಲ್ಲಿ, ವಿದ್ಯುತ್ತು, ಮದುವೆಯಾದ ಮಕ್ಕಳಿಗೆ ಪ್ರತ್ಯೇಕ ಕೋಣೆ, ವಾಹನಕ್ಕೆ ಸ್ಥಳ ಮುಂತಾದ ಅಗತ್ಯಗಳು ಕೂಡಿಕೊಂಡವು. ಅಡುಗೆಮನೆಯ ಹೊಗೆಯಲ್ಲಿ, ಹಿತ್ತಿಲ ದೂರದ ಬಚ್ಚಲಿನಲ್ಲಿ ದಿನ ಕಳೆದ ಹೆಂಗಸರಿಗೆ ಹೊಸ ವಿಸ್ತರಣೆ ಅಲಂಕಾರವಾಗಿರಲಿಲ್ಲ, ನಿತ್ಯದ ಬಿಡುಗಡೆಯಾಗಿತ್ತು. ಆದುದರಿಂದ ವಿಸ್ತರಣೆ ಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ಅದು ಹೇಗಿರಬೇಕು ಎಂಬುದಷ್ಟೇ ಪ್ರಶ್ನೆ.

ಕಾಂಕ್ರೀಟಿನ ಕೂಡಿಕೆ

ಕಬ್ಬಿಣದ ಸರಳು ಮತ್ತು ಸಿಮೆಂಟಿನ ಕಟ್ಟಡಕ್ಕೆ ಅಂಕಣದ ಹಂಗಿಲ್ಲ. ಹೊಸ ಭಾಗವನ್ನು ಹಳೆಯ ಗೋಡೆಗೆ ಅಂಟಿಸಿ ಕಟ್ಟಿದಾಗ ಮೂರು ಬಗೆಯ ತೊಂದರೆಗಳು ಕಂಡುಬರುತ್ತವೆ. ಮೊದಲನೆಯದು ಭಾರದ್ದು. ಹಳೆಯ ಮನೆಯ ತಳಪಾಯ ಮಳೆ ಬೇಸಿಗೆಗಳಿಗೆ ಹೊಂದಿಕೊಂಡು ನೆಲೆಗೊಂಡಿರುತ್ತದೆ. ಹೊಸದು ಕಟ್ಟಿದ ಮೇಲೆ ಕುಸಿದು ಕೂರುತ್ತದೆ. ಎರಡನ್ನೂ ಬಿಗಿಯಾಗಿ ಬೆಸೆದರೆ ಸೇರುವಲ್ಲಿ ಬಿರುಕು ಬಿಡುತ್ತದೆ. ಎರಡನೆಯದು ತೇವದ್ದು. ಮಣ್ಣು ಮತ್ತು ಗಾರೆಯ ಗೋಡೆ ತೇವವನ್ನು ಹೀರಿ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ಗೋಡೆಯ ಬುಡ ಸಡಿಲವಾಗುತ್ತದೆ, ಗೋಡೆಯೊಳಗೆ ಸೇರಿದ ತೊಲೆಯ ತುದಿ ಕೊಳೆಯುತ್ತದೆ. ಮೂರನೆಯದು ನೀರಿನದು. ಇಳಿಜಾರು ಮಾಡಿನ ನೀರು ಸಮತಟ್ಟಾದ ತಾರಸಿಯ ಬದಿಗೆ ಬಂದು ನಿಂತರೆ ಅದು ಇಳಿಯುವುದು ಹಳೆಯ ಗೋಡೆಗೇ. ತೊಟ್ಟಿಯ ಮೇಲೆ ಶೀಟು ಹೊದಿಸಿದ ಮನೆಗಳಲ್ಲಿ ಬೆಳಕು ಕುಂದಿ, ಬಿಸಿಗಾಳಿ ಹೊರಹೋಗುವ ದಾರಿ ಮುಚ್ಚಿ, ಮನೆ ವಾಸಕ್ಕೆ ಅನರ್ಹವೆನಿಸುತ್ತದೆ. ಕೊನೆಗೆ ಪೂರ್ತಿ ಕೆಡವಲು ಅದೇ ಕಾರಣವಾಗುತ್ತದೆ. ಮನೆಯನ್ನು ಉಳಿಸಿಕೊಳ್ಳಲೆಂದು ಮಾಡಿದ ಸೇರ್ಪಡೆಯೇ ಹೀಗೆ ಮನೆಯನ್ನು ಕಳೆಯುತ್ತದೆ.

ಕಾನೂನಿನ ಎಲ್ಲೆ

ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರ ಈ ಸಮಸ್ಯೆಯ ಇನ್ನೊಂದು ಮುಖವನ್ನು ತೋರುತ್ತದೆ. ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ಸ್ಥಾಪಿಸಿದ ಅಗ್ರಹಾರವಿದು. ಇಲ್ಲಿಯ ಕೇಶವ ದೇವಾಲಯ ೧೨೬೮ರದು. ೨೦೨೩ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ೧೯೫೮ರ ಕೇಂದ್ರ ಕಾಯಿದೆಗೆ ೨೦೧೦ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ ೧೦೦ ಮೀಟರು ನಿಷೇಧಿತ ಪ್ರದೇಶ, ಅದರಾಚೆ ೨೦೦ ಮೀಟರು ನಿಯಂತ್ರಿತ ಪ್ರದೇಶ. ಇರುವ ಕಟ್ಟಡಕ್ಕೆ ಪಕ್ಕದಲ್ಲಾಗಲಿ ಮೇಲಾಗಲಿ ಮಾಡುವ ವಿಸ್ತರಣೆಯನ್ನೂ ಕಾಯಿದೆ ‘ನಿರ್ಮಾಣ’ವೆಂದೇ ಪರಿಗಣಿಸುತ್ತದೆ. ೧೯೯೨ರ ಜೂನ್ ೧೬ಕ್ಕೆ ಮೊದಲೇ ಇದ್ದ ಮನೆಯನ್ನು ನಿಷೇಧಿತ ಪ್ರದೇಶದಲ್ಲಿ ಅನುಮತಿ ಪಡೆದು ದುರಸ್ತಿ ಮಾಡಬಹುದು, ವಿಸ್ತರಿಸುವಂತಿಲ್ಲ.

ಇದಕ್ಕೆ ವಿರುದ್ಧವಾದ ಸ್ಥಿತಿ ಸ್ಮಾರಕಗಳಿಂದ ದೂರವಿರುವ ಮನೆಗಳದು. ಸಂರಕ್ಷಿತವೆಂದು ಘೋಷಣೆಯಾಗದ ಖಾಸಗಿ ಮನೆಗೆ ರಾಜ್ಯದ ೧೯೬೧ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ರಕ್ಷಣೆ ಇಲ್ಲ. ಒಂದು ಕಡೆ ಕೋಣೆಯನ್ನೂ ಸೇರಿಸಲಾಗದ ನಿರ್ಬಂಧ, ಇನ್ನೊಂದು ಕಡೆ ಇಡೀ ಮನೆಯನ್ನು ಕೆಡವಿದರೂ ಕೇಳುವವರಿಲ್ಲದ ಸ್ವಾತಂತ್ರ್ಯ. ಈ ಎರಡರ ನಡುವೆ ಬಾಳುವ ಮನೆಗೆ ಮಾರ್ಗದರ್ಶನ ಮಾಡುವ ವ್ಯವಸ್ಥೆ ದುರ್ಬಲವಾಗಿದೆ. ಅಸಂರಕ್ಷಿತ ವಾಸ್ತು ಪರಂಪರೆಯನ್ನೇ ಕುರಿತು ಇಂಟ್ಯಾಕ್ ಸಂಸ್ಥೆ ೨೦೦೪ರಲ್ಲಿ ಅಂಗೀಕರಿಸಿದ ಸನ್ನದು ಈ ಕೊರತೆಯನ್ನು ಗುರುತಿಸಿ, ಪಾರಂಪರಿಕ ಕುಶಲಕರ್ಮಿಗಳ ಜ್ಞಾನಕ್ಕೆ ಮನ್ನಣೆ ನೀಡಿತು. ೧೯೬೪ರ ವೆನಿಸ್ ಸನ್ನದು ಕೂಡ ಸೇರ್ಪಡೆಯು ಮೂಲದ ಮುಖ್ಯ ಭಾಗಗಳಿಗೂ ಪರಿಸರದೊಡನೆ ಅದಕ್ಕಿರುವ ಸಂಬಂಧಕ್ಕೂ ಕುಂದು ತರಬಾರದೆಂದು ಹೇಳಿದೆ.

ಉಪಸಂಹಾರ

ಈ ಎಲ್ಲ ವಿವೇಚನೆಯಿಂದ ಕೆಲವು ತತ್ತ್ವಗಳನ್ನು ನಿರೂಪಿಸಬಹುದು. ಹೊಸ ಭಾಗ ಹಿತ್ತಿಲ ಕಡೆಗಿರಬೇಕು, ಅದರ ಎತ್ತರ ಹಳೆಯ ಮಾಡಿನ ನೆತ್ತಿಯನ್ನು ಮೀರಬಾರದು. ಅದಕ್ಕೆ ತನ್ನದೇ ತಳಪಾಯ, ತನ್ನದೇ ಗೋಡೆ ಇರಬೇಕು. ಹಳೆಯದಕ್ಕೂ ಅದಕ್ಕೂ ನಡುವೆ ಹಗುರವಾದ ಕೈಸಾಲೆಯೊಂದು ಸಂಪರ್ಕವಾಗಬೇಕು. ನೀರಿನ ಬಳಕೆಯ ಬಚ್ಚಲು, ಶೌಚಾಲಯಗಳು ಹೊಸ ಭಾಗಕ್ಕೆ ಹೋದರೆ ಮಣ್ಣಿನ ಗೋಡೆಗಳು ಒಣಗಿ ಉಳಿಯುತ್ತವೆ. ಹಳೆಯ ಗೋಡೆಯ ದುರಸ್ತಿ ಮಣ್ಣು, ಗಾರೆಗಳಲ್ಲೇ ನಡೆಯಬೇಕು. ತೊಟ್ಟಿ ತೆರೆದೇ ಇರಬೇಕು. ಹೊಸದು ಹಳೆಯದರ ಅನುಕರಣೆಯಾಗಬೇಕಿಲ್ಲ. ಅಂಕಣದ ಅಳತೆಯನ್ನು ಪಾಲಿಸಿದರೆ ಸಾಕು, ಎರಡೂ ಒಂದೇ ಮನೆಯಾಗಿ ಕಾಣುತ್ತವೆ. ಎಲ್ಲಕ್ಕಿಂತ ಮೊದಲು, ಕೈಹಚ್ಚುವ ಮುನ್ನ ಮನೆಯ ನಕ್ಷೆ, ಅಳತೆ, ಛಾಯಾಚಿತ್ರಗಳ ದಾಖಲೀಕರಣ ಆಗಬೇಕು. ತಾಲ್ಲೂಕು ಮಟ್ಟದಲ್ಲಿ ಇಂತಹ ಸಮೀಕ್ಷೆಯನ್ನು ವಿಶ್ವವಿದ್ಯಾಲಯಗಳೂ ಪರಂಪರೆ ಇಲಾಖೆಯೂ ಜೊತೆಯಾಗಿ ಕೈಗೊಳ್ಳುವುದು ತುರ್ತಿನ ಕಾರ್ಯ.

ಕಪಿಲೆಯ ಹಳೆಯ ಸೇತುವೆಯೂ ಶ್ರೀಕಂಠೇಶ್ವರನ ಗರ್ಭಗೃಹವೂ ತಮ್ಮ ನಂತರ ಬಂದವರಿಗೆ ಸ್ಥಳ ಕೊಟ್ಟು ತಾವೂ ಉಳಿದಿವೆ. ಬಂದವರೂ ಅವುಗಳಿಗೆ ಸ್ಥಳ ಬಿಟ್ಟರು. ದೇವಾಲಯಕ್ಕೂ ಸೇತುವೆಗೂ ಸಂದ ಈ ವಿವೇಕ ರಥಬೀದಿಯ ಮನೆಗಳಿಗೂ ಸಂದಾಗ ಮಾತ್ರ ಈ ಪ್ರದೇಶದ ವಸತಿ ಪರಂಪರೆಗೆ ಮುಂದಿನ ಅಧ್ಯಾಯವಿರುತ್ತದೆ.