ಸ್ತ್ರೀಯರ ಕ್ಯಾನ್ಸರ್ ಮತ್ತು ರಕ್ತಪರೀಕ್ಷೆ: ನಡೆದು ಬಂದ ದಾರಿ

ಕ್ಯಾನ್ಸರ್ ಗಡ್ಡೆ ಇದ್ದಾಗ ರಕ್ತದಲ್ಲಿ ಹೆಚ್ಚುವ ವಸ್ತುಗಳಿಗೆ ಟ್ಯೂಮರ್ ಮಾರ್ಕರ್ ಎಂದು ಹೆಸರು. ಸ್ತ್ರೀರೋಗ ಚಿಕಿತ್ಸೆಯಲ್ಲಿ ಮೊದಲು ಬೆಲೆ ಬಂದದ್ದು ಗರ್ಭಿಣಿಯರಲ್ಲಿ ಕಾಣುವ ಎಚ್‌ಸಿಜಿ ಹಾರ್ಮೋನಿಗೆ. ಮಾಸಿನ ಜೀವಕೋಶಗಳಿಂದ ಹುಟ್ಟುವ ಕೋರಿಯೋಕಾರ್ಸಿನೋಮವೂ ಇದನ್ನು ಸ್ರವಿಸುತ್ತದೆ. 1956ರಲ್ಲಿ ಅಮೆರಿಕದ ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಸ್, ಮೆಥೊಟ್ರೆಕ್ಸೇಟ್ ಔಷಧಕ್ಕೆ ಈ ಕ್ಯಾನ್ಸರ್ ಕರಗುವುದನ್ನು ತೋರಿಸಿದರು. ಗಡ್ಡೆ ಕಣ್ಮರೆಯಾದರೂ ಹಾರ್ಮೋನ್ ಪೂರ್ತಿ ಇಳಿಯುವವರೆಗೆ ಔಷಧ ನಿಲ್ಲಿಸಬಾರದೆಂದು ಲಿ ಪಟ್ಟು ಹಿಡಿದರು. ಮುಂದೆ ಅದೇ ಚಿಕಿತ್ಸೆಯ ಕ್ರಮವಾಯಿತು.

ಅಂಡಾಶಯದ ಕ್ಯಾನ್ಸರ್ ಮಾತ್ರ ಹೊಟ್ಟೆಯೊಳಗೆ ಸದ್ದಿಲ್ಲದೆ ಬೆಳೆಯುತ್ತದೆ. ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬಿದಂತಾಗುವುದು ಮುಂತಾದ ಲಕ್ಷಣಗಳನ್ನು ಗ್ಯಾಸ್ಟ್ರಿಕ್ ಎಂದೇ ತಳ್ಳಿಹಾಕುವುದುಂಟು. 1981ರಲ್ಲಿ ಬಾಸ್ಟನ್ನಿನಲ್ಲಿ ರಾಬರ್ಟ್ ಬಾಸ್ಟ್, ರಾಬರ್ಟ್ ನ್ಯಾಪ್ ಮತ್ತು ಸಂಗಡಿಗರು ಈ ಗಡ್ಡೆಯನ್ನು ಗುರುತಿಸುವ ಪ್ರತಿಕಾಯವನ್ನು ಪ್ರಕಟಿಸಿದರು. ಅದು ಹಿಡಿಯುವ ವಸ್ತುವೇ ಸಿಎ-125. 1983ರ ವರದಿಯಲ್ಲಿ ಅಂಡಾಶಯ ಕ್ಯಾನ್ಸರಿನ 101 ರೋಗಿಗಳಲ್ಲಿ 83 ಮಂದಿಗೆ ಇದರ ಮಟ್ಟ 35 ಯೂನಿಟ್ ಮೀರಿತ್ತು. ಇಂದಿಗೂ ಲ್ಯಾಬ್ ರಿಪೋರ್ಟುಗಳಲ್ಲಿ ಮಿತಿಯಾಗಿ ಅಚ್ಚಾಗುವ ಸಂಖ್ಯೆ ಸಾಮಾನ್ಯವಾಗಿ ಅದೇ.

ಇತ್ತ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಎಂಬ ಕ್ಯಾನ್ಸರ್ ಆಸ್ಪತ್ರೆ 1973ರಲ್ಲಿ ಆರಂಭವಾಯಿತು. 1982ರಿಂದ ಅಲ್ಲಿನ ಕ್ಯಾನ್ಸರ್ ನೋಂದಣಿ ವಿಭಾಗ ನಗರದ ರೋಗಿಗಳ ಲೆಕ್ಕ ಇಡುತ್ತಾ ಬಂದಿದೆ. ಮೊದಲ ವರ್ಷಗಳಲ್ಲಿ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರೇ ಮುಂದಿತ್ತು. ನಂತರ ಸ್ತನ ಕ್ಯಾನ್ಸರ್ ಆ ಜಾಗಕ್ಕೆ ಬಂತು. ಗರ್ಭಕೊರಳಿನ ರೋಗವನ್ನು ಮೊದಲೇ ಹಿಡಿಯಲು ರಕ್ತವಲ್ಲ, ಪ್ಯಾಪ್ ಸ್ಮಿಯರ್, ಎಚ್‌ಪಿವಿ ಮುಂತಾದ ಪರೀಕ್ಷೆಗಳೇ ದಾರಿ.

ಸಿಎ-125ರ ಮಿತಿಗಳೂ ಬೇಗ ತಿಳಿದವು. ಮುಟ್ಟು, ಬಸಿರು, ಎಂಡೊಮೆಟ್ರಿಯೋಸಿಸ್, ನಮ್ಮಲ್ಲಿ ಇನ್ನೂ ಕಾಣುವ ಹೊಟ್ಟೆಯ ಕ್ಷಯ, ಇವೆಲ್ಲವೂ ಅದನ್ನು ಏರಿಸಬಲ್ಲವು. ಮೊದಲ ಹಂತದ ಅಂಡಾಶಯ ಕ್ಯಾನ್ಸರಿನಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದು ಏರುವುದೇ ಇಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಧ್ಯಯನದ 2021ರ ಫಲಿತಾಂಶವೂ, ಲಕ್ಷಣವಿಲ್ಲದವರಿಗೆ ವರ್ಷವರ್ಷ ಈ ತಪಾಸಣೆ ಮಾಡಿದರೆ ಸಾವು ತಗ್ಗುವುದಿಲ್ಲ ಎಂದಿತು.

ಹೀಗಾಗಿ ಒಂದೇ ಅಂಕಿಯನ್ನು ನಂಬುವ ಬದಲು ಹಲವನ್ನು ಜೋಡಿಸುವ ಪದ್ಧತಿ ಬೆಳೆಯಿತು. 1990ರ ಅಪಾಯ ಸೂಚ್ಯಂಕವು ಅಲ್ಟ್ರಾಸೌಂಡ್, ಮುಟ್ಟು ನಿಂತಿದೆಯೇ ಎಂಬುದು, ಸಿಎ-125 ಈ ಮೂರರ ಅಂಕಿಗಳನ್ನು ಗುಣಿಸುತ್ತದೆ. ನಂತರ ಇಂಥ ಲೆಕ್ಕಗಳಿಗೆ ಎಚ್‌ಇ4 ಎಂಬ ಇನ್ನೊಂದು ಪ್ರೋಟೀನೂ ಸೇರಿತು. ಇಂದು ಬೆಂಗಳೂರಿನ ಅತ್ತಿಗುಪ್ಪೆ, ವಿಜಯನಗರದಂಥ ಬಡಾವಣೆಗಳಲ್ಲಿದ್ದೇ ಸಿಎ-125 ಪರೀಕ್ಷೆಗೆ ರಕ್ತ ಕೊಡಬಹುದು. ಆದರೆ ಅದರ ಮುಖ್ಯ ಉಪಯೋಗ ಎರಡು: ಸಂಶಯದ ಗಡ್ಡೆಯನ್ನು ತೂಗಿನೋಡುವುದು, ಚಿಕಿತ್ಸೆಯ ನಂತರ ರೋಗ ಮರಳಿದೆಯೇ ಎಂದು ಗಮನಿಸುವುದು. ರೋಗ ಖಚಿತವಾಗುವುದು ಅಂಗಾಂಶ ಪರೀಕ್ಷೆಯಿಂದಲೇ.