‘ನಾಳೆ ಬಾ’ ಎನ್ನುವ ಸರ್ವರ್

ಇಮೇಲ್ ತಂದ ಯಂತ್ರ ಬಾಗಿಲು ತಟ್ಟಿದರೆ ಮೊದಲು ಮಾತಾಡಬೇಕಾದ್ದು ಒಳಗಿರುವ ಸರ್ವರ್. ಜಾನ್ ಪೋಸ್ಟೆಲ್ 1982ರಲ್ಲಿ ಬರೆದಿಟ್ಟ ಎಸ್‌ಎಂಟಿಪಿ ಶಿಷ್ಟಾಚಾರ ಅದು. 220 ಎಂಬ ಸಂಖ್ಯೆ, ತನ್ನ ಹೆಸರು, ಆಮೇಲೆ ಮಾತುಕತೆ. ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುವ ಕೆಲಸ. ಸ್ಪ್ಯಾಮ್‌ಡಿ ಎಂಬ ಪುಟ್ಟ ತಂತ್ರಾಂಶ ಮಾತ್ರ, ಬಂದವನು ಕಪ್ಪುಪಟ್ಟಿಯವನೆಂದು ಗೊತ್ತಾದರೆ ರಾಗ ಎಳೆಯತೊಡಗುತ್ತದೆ. 2. ಒಂದು ಸೆಕೆಂಡು ಬಿಟ್ಟು ಇನ್ನೊಂದು 2. ಮತ್ತೊಂದು ಸೆಕೆಂಡಿಗೆ 0. ಹೀಗೆ ಸೆಕೆಂಡಿಗೊಂದೇ ಅಕ್ಷರ. ಕೊನೆಗೆ ಪತ್ರವನ್ನಾದರೂ ತೆಗೆದುಕೊಂಡಿತೇ ಎಂದರೆ ಅದೂ ಇಲ್ಲ. ಆಚೆಯವನ ಸಮಯ ಹಾಳು, ಈಚೆಯವನಿಗೆ ಖರ್ಚಿಲ್ಲ.

ಈ ತುಂಟತನ ಹುಟ್ಟಿದ್ದು ಓಪನ್‌ಬಿಎಸ್‌ಡಿಯಲ್ಲಿ. ಕೆನಡಾದ ಕ್ಯಾಲ್ಗರಿಯಲ್ಲಿ ನೆಲೆಸಿದ್ದ ಥಿಯೋ ಡಿ ರಾಟ್ 1995ರಲ್ಲಿ ಶುರುಮಾಡಿದ, ಭದ್ರತೆಯ ವಿಷಯದಲ್ಲಿ ಮಡಿವಂತಿಕೆಗೆ ಹೆಸರಾದ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಇದು. 2003ರ ಮೇ ತಿಂಗಳಲ್ಲಿ ಬಂದ 3.3ನೇ ಆವೃತ್ತಿಯಲ್ಲಿ ಸ್ಪ್ಯಾಮ್‌ಡಿ ಮೊದಲ ಸಲ ಕಾಣಿಸಿಕೊಂಡಿತು. ಸ್ಪ್ಯಾಮ್ ಅದಕ್ಕಿಂತ ತುಂಬ ಹಳೆಯದು. ಅಮೆರಿಕದ ಡಿಇಸಿ ಕಂಪನಿಯ ಗ್ಯಾರಿ ಥರ್ಕ್ 1978ರಲ್ಲೇ ಅರ್ಪಾನೆಟ್‌ನ ಸುಮಾರು 400 ವಿಳಾಸಗಳಿಗೆ ಕಂಪ್ಯೂಟರ್ ಜಾಹೀರಾತು ಕಳಿಸಿ ಬೈಸಿಕೊಂಡಿದ್ದ. 25 ವರ್ಷಗಳ ನಂತರ ಬೈಯುವುದರಿಂದ ಏನೂ ಆಗುವ ಹಾಗಿರಲಿಲ್ಲ. ಕಳಿಸುತ್ತಿದ್ದದ್ದು ಮನುಷ್ಯರಲ್ಲ, ಯಂತ್ರಗಳು.

ಅದೇ 2003ರಲ್ಲಿ ಇವಾನ್ ಹ್ಯಾರಿಸ್ ಎಂಬುವರು ಒಂದು ಸರಳ ಉಪಾಯ ಬರೆದರು. ಪರಿಚಯವಿಲ್ಲದ ಯಂತ್ರ ಪತ್ರ ತಂದರೆ ಬೇಡ ಅನ್ನಬೇಡಿ, ‘ಈಗ ಆಗುವುದಿಲ್ಲ, ಆಮೇಲೆ ಬನ್ನಿ’ ಎನ್ನಿ. ಎಸ್‌ಎಂಟಿಪಿಯಲ್ಲಿ ಅದಕ್ಕೆ 451ರಂಥ ಸಂಕೇತಗಳು ಮೊದಲಿಂದಲೂ ಇವೆ. ನಿಯತ್ತಿನ ಸರ್ವರ್ ಪತ್ರವನ್ನು ಸಾಲಿನಲ್ಲಿಟ್ಟುಕೊಂಡು ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ಲಕ್ಷಗಟ್ಟಲೆ ಪತ್ರ ಎರಚುವವನಿಗೆ ಅಷ್ಟು ಪುರಸೊತ್ತೆಲ್ಲಿ? ಬೆಂಗಳೂರು ಸುತ್ತಿನ ಮನೆಗಳ ಬಾಗಿಲ ಮೇಲೆ ಒಂದು ಕಾಲಕ್ಕೆ ದೆವ್ವ ಓದಲೆಂದು ‘ನಾಳೆ ಬಾ’ ಎಂದು ಬರೆದಿರುತ್ತಿದ್ದದ್ದನ್ನು ನೋಡಿದವರಿಗೆ ಈ ಯುಕ್ತಿಯನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಇಷ್ಟೇ: ನಮ್ಮ ದೆವ್ವ ದಿನವೂ ಬಂದು ಓದಿ ಹೋಗುತ್ತಿತ್ತು, ಸ್ಪ್ಯಾಮ್ ದೆವ್ವ ಮತ್ತೆ ಬರುವುದೇ ಇಲ್ಲ.

ಹ್ಯಾರಿಸ್ ಅವರ ಉಪಾಯವನ್ನು ಸ್ಪ್ಯಾಮ್‌ಡಿಗೆ ಹೊಂದಿಸಿದವರು ಎಡ್ಮಂಟನ್‌ನ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ದುಡಿಯುತ್ತಿದ್ದ ಬಾಬ್ ಬೆಕ್. 2004ರ 3.5ನೇ ಆವೃತ್ತಿಗೆ ಬೂದುಪಟ್ಟಿ ಬಂತು. ಬಂದ ಯಂತ್ರದ ಐಪಿ ವಿಳಾಸ, ಕಳಿಸಿದವರು, ಪಡೆಯುವವರು, ಇಷ್ಟನ್ನು ಗುರುತಿಟ್ಟುಕೊಳ್ಳುವುದು; 25 ನಿಮಿಷ ಕಳೆದ ಮೇಲೆ, 4 ಗಂಟೆಯೊಳಗೆ ಅದೇ ಜೋಡಣೆ ಮತ್ತೆ ಬಂದರೆ ಬಿಳಿಪಟ್ಟಿಗೆ ಸೇರಿಸುವುದು. ಸುಮ್ಮನಿದ್ದರೂ 36 ದಿನ ಆ ಮರ್ಯಾದೆ ಉಳಿಯುತ್ತದೆ. ಪತ್ರದ ಒಳಗೇನಿದೆ ಎಂದು ಸ್ಪ್ಯಾಮ್‌ಡಿ ಓದುವುದೇ ಇಲ್ಲ, ಬಂದವನ ನಡತೆ ನೋಡುತ್ತದೆ ಅಷ್ಟೆ. ಇಡೀ ವಿನ್ಯಾಸದಲ್ಲಿ ಅತ್ಯಂತ ಜಾಣತನದ ಭಾಗ ಇದೇ.

ಓಪನ್‌ಬಿಎಸ್‌ಡಿಯಲ್ಲಿ ಸ್ಪ್ಯಾಮ್‌ಡಿ ಮನೆಮಗ, ವ್ಯವಸ್ಥೆಯ ಜೊತೆಯಲ್ಲೇ ಬರುತ್ತದೆ. ಅದೇ ಕುಲದ ಇನ್ನೊಂದು ವ್ಯವಸ್ಥೆಯಾದ ಫ್ರೀಬಿಎಸ್‌ಡಿಯಲ್ಲಿ ಅದು ಹೊರಗಿನಿಂದ ಬಂದ ಪ್ಯಾಕೇಜು, ಅಲ್ಲಿಯವರ ಬಾಯಲ್ಲಿ ‘ಪೋರ್ಟ್’. ಜೋರ್ಡನ್ ಹಬ್ಬರ್ಡ್ 1994ರಲ್ಲಿ ಆರಂಭಿಸಿದ ಈ ಪೋರ್ಟ್‌ಗಳ ಕಣಜದಲ್ಲಿ ಇಂದು 30 ಸಾವಿರಕ್ಕೂ ಹೆಚ್ಚು ತಂತ್ರಾಂಶಗಳಿವೆ. ಒಂದು ಪೋರ್ಟ್ ತೆರೆದು ನೋಡಿದರೆ ತಂತ್ರಾಂಶವೇ ಅಲ್ಲಿರುವುದಿಲ್ಲ. ಅದನ್ನು ಎಲ್ಲಿಂದ ತರಬೇಕು, ಹೇಗೆ ಕಟ್ಟಬೇಕು ಎಂದು ಹೇಳುವ ಮೇಕ್‌ಫೈಲ್, ತಂದದ್ದು ಅಸಲಿಯೇ ಎಂದು ತಾಳೆ ನೋಡುವ ಉದ್ದನೆಯ ಶಾ-256 ಸಂಖ್ಯೆ, ನಾಲ್ಕು ಸಾಲಿನ ಪರಿಚಯ, ಬೇಕಾದಲ್ಲಿ ಒಂದಿಷ್ಟು ತೇಪೆ. ಮೇಕ್‌ಫೈಲಿನಲ್ಲಿ ‘ಮೇಂಟೇನರ್’ ಎಂಬ ಸಾಲೊಂದಿರುತ್ತದೆ. ಅಲ್ಲಿ ಹೆಸರು ಬರೆಸಿಕೊಂಡವರು ಸಂಬಳವಿಲ್ಲದ ಶಾನುಭೋಗರು.

ಸ್ಪ್ಯಾಮ್‌ಡಿಯ ವಿಷಯದಲ್ಲಿ ತಕರಾರು ಶುರುವಾಗುವುದೇ ಹೆಸರಿನಿಂದ. 2001ರಲ್ಲಿ ಜಸ್ಟಿನ್ ಮೇಸನ್ ಹೊರತಂದ ಸ್ಪ್ಯಾಮ್‌ಅಸಾಸಿನ್ ಪತ್ರದ ಒಳಹೊಕ್ಕು ಅಂಕ ಹಾಕುವ ತಂತ್ರಾಂಶ. ಅದರ ಹಿನ್ನೆಲೆ ಸೇವೆಯ ಹೆಸರೂ ಸ್ಪ್ಯಾಮ್‌ಡಿ! ಒಂದೇ ಯಂತ್ರದಲ್ಲಿ ಎರಡನ್ನೂ ಇಟ್ಟುಕೊಳ್ಳುವವರು ಬೇಕಾದಷ್ಟು ಜನ, ಯಾಕೆಂದರೆ ಒಂದು ಹೆಬ್ಬಾಗಿಲಲ್ಲಿ ತಡೆಯುತ್ತದೆ, ಇನ್ನೊಂದು ನಡುಮನೆಯಲ್ಲಿ ತಪಾಸಣೆ ಮಾಡುತ್ತದೆ. ಒಂದೇ ಊರಲ್ಲಿ ಇಬ್ಬರು ರಾಮಣ್ಣರಿದ್ದರೆ ಒಬ್ಬ ಮೇಲಿನಮನೆ ರಾಮಣ್ಣ ಆಗಲೇಬೇಕಲ್ಲ. ಫ್ರೀಬಿಎಸ್‌ಡಿಯಲ್ಲಿ ಓಪನ್‌ಬಿಎಸ್‌ಡಿಯಿಂದ ಬಂದವನು ‘ಓಬಿಸ್ಪ್ಯಾಮ್‌ಡಿ’ ಆದ. ಈ ಸಂಗತಿ ಗೊತ್ತಿಲ್ಲದೆ ಆರಂಭದ ಕಡತದಲ್ಲಿ ಬರೀ ‘ಸ್ಪ್ಯಾಮ್‌ಡಿ’ ಎಂದು ಬರೆದವರು, ಸೇವೆ ಏಕೆ ಏಳುತ್ತಿಲ್ಲ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಮೂಲದ ಓಪನ್‌ಬಿಎಸ್‌ಡಿಯವರು ಸ್ಪ್ಯಾಮ್‌ಡಿಯ ಗುಣ ಬದಲಾಯಿಸಿದಾಗ ಇನ್ನೊಂದು ಪೇಚು. 2007ರ 4.1ನೇ ಆವೃತ್ತಿಯವರೆಗೆ ಬೂದುಪಟ್ಟಿ ಬೇಕೆಂದರೆ ಕೇಳಿ ಪಡೆಯಬೇಕಿತ್ತು. ಅಲ್ಲಿಂದಾಚೆ ಅದೇ ವಾಡಿಕೆ, ಬರೀ ಕಪ್ಪುಪಟ್ಟಿ ಸಾಕು ಎನ್ನುವವರು ಬೇರೆ ಆಯ್ಕೆ ಕೊಡಬೇಕು. ಪೋರ್ಟ್ ನೋಡಿಕೊಳ್ಳುವವರು ಇಂಥ ಬದಲಾವಣೆಯನ್ನು ಸುಮ್ಮನೆ ಒಳಬಿಟ್ಟರೆ, ರಾತ್ರಿ ಅಪ್‌ಗ್ರೇಡ್ ಮಾಡಿ ಮಲಗಿದವರಿಗೆ ಬೆಳಗ್ಗೆ ಪತ್ರಗಳೆಲ್ಲ ತಡವಾಗಿರುತ್ತವೆ. ಎರಡೂ ವ್ಯವಸ್ಥೆಗಳ ಫೈರ್‌ವಾಲ್ ಕೂಡ ಒಂದೇ ಅಲ್ಲ. ಸ್ಪ್ಯಾಮ್‌ಡಿ ಒರಗಿ ನಿಂತದ್ದು ಓಪನ್‌ಬಿಎಸ್‌ಡಿಯ ಪಿಎಫ್ ಮೇಲೆ. ಜಾಲ ಸಂಪರ್ಕದ 25ನೇ ಪೋರ್ಟ್‌ಗೆ ಬಂದ ಅಪರಿಚಿತರನ್ನು 8025ಕ್ಕೆ ತಿರುಗಿಸುವುದು ಅದೇ. ಫ್ರೀಬಿಎಸ್‌ಡಿಗೆ ಪಿಎಫ್ 2004ರಲ್ಲಿ ಬಂತಾದರೂ ಅಲ್ಲಿಯವರಲ್ಲಿ ಅನೇಕರಿಗೆ ಕೈಗೂಡಿದ್ದು ಹಳೆಯ ಐಪಿಎಫ್‌ಡಬ್ಲ್ಯು. ಅವರಿಗಾಗಿ ಪೋರ್ಟ್‌ನಲ್ಲಿ ಪ್ರತ್ಯೇಕ ಹೊಲಿಗೆ ಹಾಕಬೇಕಾಯಿತು.

ಹೊರಗಿನವರು ಕೊಡುವ ಕಪ್ಪುಪಟ್ಟಿಗಳಿಗೂ ಆಯುಷ್ಯವಿದೆ. ಸ್ಪ್ಯಾಮ್‌ಡಿಯ ಮೊದಮೊದಲ ಸಂರಚನಾ ಕಡತದಲ್ಲಿ ಎಸ್‌ಪಿಇಡಬ್ಲ್ಯುಎಸ್ ಎಂಬ ಪಟ್ಟಿಯ ಹೆಸರಿತ್ತು. ನಡೆಸುವವರು ಯಾರೆಂದು ಕೊನೆಯವರೆಗೂ ಬಯಲಾಗದ ಆ ಪಟ್ಟಿ 2006ರಲ್ಲಿ ಹೊಸದಾಗುವುದು ನಿಂತಿತು. ಸತ್ತ ಪಟ್ಟಿಯ ಹೆಸರು ಕಡತದಲ್ಲಿ ಉಳಿದರೆ ಬಳಸುವವರ ಯಂತ್ರ ಗಂಟೆಗೊಮ್ಮೆ ಖಾಲಿ ಬಾವಿಗೆ ಕೊಡ ಇಳಿಸುತ್ತಿರುತ್ತದೆ. ಅದನ್ನು ತೆಗೆದುಹಾಕಲು ಯಾರೋ ಒಬ್ಬರ ಕಣ್ಣಿಗೆ ಬೀಳಬೇಕು.

ಇಷ್ಟಾದರೂ ನಿಜವಾದ ತಲೆನೋವು ತಂದವರು ಕಳ್ಳರಲ್ಲ, ದೊಡ್ಡ ಮನೆತನದವರು. ಭಾರಿ ಇಮೇಲ್ ಕಂಪನಿಗಳು ಪತ್ರ ಕಳಿಸಲು ನೂರಾರು ಸರ್ವರ್ ಇಟ್ಟುಕೊಂಡಿರುತ್ತವೆ. ಮೊದಲ ಸಲ ಒಂದು ವಿಳಾಸದಿಂದ ಬಂದ ಪತ್ರ ಎರಡನೇ ಸಲ ಬೇರೊಂದರಿಂದ ಬರುತ್ತದೆ, ಮೂರನೇ ಸಲ ಮತ್ತೊಂದರಿಂದ. ಸ್ಪ್ಯಾಮ್‌ಡಿಯ ಲೆಕ್ಕದಲ್ಲಿ ಪ್ರತಿ ಸಲವೂ ಹೊಸ ಮುಖ, ಪ್ರತಿ ಸಲವೂ ‘ಆಮೇಲೆ ಬನ್ನಿ’. ಸ್ಪ್ಯಾಮ್‌ಡಿಬಿ ಎಂಬ ಆಜ್ಞೆ ಕೊಟ್ಟು ನೋಡಿದರೆ ಪರದೆಯ ಮೇಲೆ ಉದ್ದುದ್ದ ಸಾಲುಗಳು: ಬೂದು, ಬೂದು, ಮತ್ತೆ ಬೂದು, ಕಳಿಸಿದವರು ಅವರೇ, ಪಡೆಯುವವರು ಅವರೇ, ಐಪಿ ವಿಳಾಸ ಮಾತ್ರ ಬೇರೆ ಬೇರೆ. ಆಗ ಸರ್ವರ್ ಕಾಯುವವರು, ಆ ಕಂಪನಿ ತನ್ನ ಪತ್ರ ಹೊರಡುವ ವಿಳಾಸಗಳನ್ನು ಸಾರುವ ಎಸ್‌ಪಿಎಫ್ ದಾಖಲೆ ತೆಗೆದು, ಅದರಲ್ಲಿರುವ ವಿಳಾಸಗಳ ಸಾಲನ್ನು ‘ತಡೆಯಬೇಡ’ ಎಂಬ ಪಟ್ಟಿಗೆ ನಕಲು ಮಾಡಿ, ಪಿಎಫ್‌ಗೆ ಅದನ್ನು ಮತ್ತೆ ಓದಿಸುತ್ತಾರೆ. ಆ ದಾಖಲೆ ಬದಲಾದಾಗ ಇನ್ನೊಮ್ಮೆ.